ವೈಪರ್ ಮೋಟರಿನ ಶನಿವಾರಗಳು

ಚಿಕ್ಕೋಡಿ, ಶನಿವಾರ, 2 ಏಪ್ರಿಲ್ 1994

ಶ್ರೀಮದ್ ಹನ್ನೆರಡು ವೋಲ್ಟ್ ಕುಲತಿಲಕ, ಗುಜರಿ ಲಾರಿಯ ಗರ್ಭಸಂಜಾತ, ವೈಪರ್ ಮೋಟರ್ ಮಹಾಸ್ವಾಮಿಗಳ ಸನ್ನಿಧಾನಕ್ಕೆ ದಾಸ ಧರೆಪ್ಪನ ಸಾಷ್ಟಾಂಗ. ಇಂದು ತಮ್ಮನ್ನು ಬೆಂಚಿಗೆ ಬಿಗಿದೆವು. ತಾವೇ ನಮ್ಮ ಡಿಪ್ಲೊಮಾ ರೋಬೋಟಿನ ಕಾಲು. ತಮ್ಮ ವೇಗ ಹಿಡಿದಿಡಲು ಇಬ್ಬರು ಉಮೇದುವಾರರು — ನನ್ನ ರೆಸಿಸ್ಟೆನ್ಸ್ ಕಾಯಿಲ್, ಜೊತೆಗೆ ಓದುವ ಸುಂದರಾಳ ಟ್ರಾನ್ಸಿಸ್ಟರ್ ಬೋರ್ಡ್. ಬೆಂಚಿನ ಉಸ್ತುವಾರಿ ನನ್ನದು.

ಭಾರ ಹಾಕಲು ಗಾಲಿಗೆ ಪಟ್ಟಿ ಸುತ್ತಿ, ತಂಬಾಕು ವಖಾರಿಯ ಸ್ಪ್ರಿಂಗ್ ತಕ್ಕಡಿಯಿಂದ ಎಳೆದೆವು. ವೇಗ ಹೇಳಲು ಸೈಕಲ್ ಡೈನಮೊ. ಭಾರ ಬಿದ್ದೊಡನೆ ನನ್ನ ಕಾಯಿಲ್ ಕುಂಟಿತು. ಅವಳದು ಜಗ್ಗಲಿಲ್ಲ.

ಪ್ರಾಜೆಕ್ಟ್ ನೋಡಿಕೊಳ್ಳುವ ಜಯಪಾಲ ಸರ್: "ಎರಡು ಶನಿವಾರ ಒಂದ ರೀಡಿಂಗ್ ಬರ್ಬೇಕು. ಬಂದ್ರ ಸಹಿ. ಇಲ್ಲಂದ್ರ ಮತ್ತ ತಗೊಳ್ರಿ."

ಕ್ಲಾಸುಗಳು ಮುಗಿದಿವೆ. ಸಹಿಯೂ ಆದರೆ ಅವಳು ಐನಾಪುರದಿಂದ ಏಕೆ ಬರುತ್ತಾಳೆ…

9 ಏಪ್ರಿಲ್

ಅಪಶಕುನ. ಅವಳ ಬೋರ್ಡಿನಲ್ಲಿ ಮಹಾಸ್ವಾಮಿಗಳು ಓಡಿ, ತೂಕಡಿಸಿ, ಮತ್ತೆ ಓಡಿದರು. ಹೋದ ವಾರದ ರೀಡಿಂಗಿಗೆ ಹೊಂದಲಿಲ್ಲ. ನಾನು ನಕ್ಕೆ, ಅವಳು ಸಿಡುಕಿದಳು.

"ನಿಂದೇನ್ ಹೆಚ್ಚಿಂದೋ? ಅದು ಕಾಯಿಲ್ ಅಲ್ಲ, ಚಹಾ ಕಾಸೋ ಒಲಿ!"

ಆರಿದ ಚಹಾದ ಲೋಟವನ್ನು ಕಾಯಿಲ್ ಮೇಲಿಟ್ಟೆ. ನಿಜಕ್ಕೂ ಬಿಸಿಯಾಯಿತು. ಅರ್ಧ ಅವಳು, ಅರ್ಧ ನಾನು. ಐದೂವರೆ ಬಸ್ಸಿನವರೆಗೂ ಇದ್ದಳು.

ಲೋಟ ತೊಳೆದಿಲ್ಲ.

13 ಏಪ್ರಿಲ್, ಬುಧವಾರ

ವಾರದಲ್ಲಿ ದಿನಗಳು ಹೆಚ್ಚಾಗಿವೆ, ಕಡಿಮೆ ಮಾಡಬೇಕೆಂದು ಸರಕಾರಕ್ಕೆ ಅರ್ಜಿ ಬರೆದೆ. ಹರಿದೆ.

16 ಏಪ್ರಿಲ್

ಮತ್ತೆ ಹೊಂದಲಿಲ್ಲ. ವಾರವೆಲ್ಲ ಬೋರ್ಡ್ ಬಿಚ್ಚಿ ಬೆಸೆದಿದ್ದಾಳೆ. ಬೆರಳಲ್ಲಿ ಸುಟ್ಟ ಗುಳ್ಳೆ.

"ನನ್ನ ಲೆಕ್ಕಾನ ತಪ್ಪಿರ್ಬೇಕು, ಧರೆಪ್ಪಾ. ಸಾಂಗಲಿ ಇಂಟರ್ವ್ಯೂದಾಗ ಇದನ್ನ ತೋರಸ್ಬೇಕಂತ ಮಾಡಿದ್ದೆ."

ತಮಾಷೆ ಮಾಡಬೇಕಿತ್ತು. ಗಾಲಿಯ ಪಟ್ಟಿ ಬಿಚ್ಚಿ ಸುತ್ತಿಟ್ಟೆ.

23 ಏಪ್ರಿಲ್, ಸಂಜೆ 6

ಬಂದವಳು ಸ್ವಿಚ್ ಕೂಡ ಹಾಕಲಿಲ್ಲ. "ನಂದು ಬ್ಯಾಡ್ರಿ ಸರ್. ಧರೆಪ್ಪನ ಕಾಯಿಲ್ ಇರ್ಲಿ." ಕುಂಟಿದರೂ ಕಾಯಿಲಿನ ರೀಡಿಂಗ್ ಪ್ರತಿ ವಾರ ಒಂದೇ ಇತ್ತು; ಸಹಿಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ನನ್ನ ಕೈಗಿಟ್ಟಳು. "ನೀನ ಇಟ್ಕೋ, ಆಟಕ್ಕ ಬರ್ತೈತಿ."

ಈಗ ಅದೇ ಬೋರ್ಡಿನ ಮೇಲೆ ಪೂರ್ತಿ ಭಾರ ಹೊತ್ತು ತಿರುಗುತ್ತಿದ್ದೀರಿ, ಮಹಾಸ್ವಾಮಿಗಳೇ. ಕೂದಲೆಳೆಯಷ್ಟೂ ಕುಗ್ಗದೆ.

ಅದರಲ್ಲಿ ದೋಷ ಇರಲೇ ಇಲ್ಲ. ಎರಡು ಶುಕ್ರವಾರ, ಬೆಂಚಿನಿಂದ ಅದಕ್ಕೆ ಹೋಗುವ ತಂತಿಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಿದೆ. ಇನ್ನೊಂದು ಶನಿವಾರಕ್ಕಾಗಿ, ಅಷ್ಟೇ. ನಿನ್ನೆ ಬಿಗಿದಿದ್ದೆ.

ಬಸ್ಸಿನ ಕಿಟಕಿಯ ಕೆಳಗೆ ನಿಂತು ಹೇಳಲು ಹೋದೆ. "ಏನೋ?" ಎಂದಳು. "ನಿನ್ನ ಲೋಟ ಬೆಂಚಿನ ಮ್ಯಾಲ ಉಳದೈತಿ" ಎಂದೆ.

ಇಂಟರ್ವ್ಯೂ ಮಂಗಳವಾರ. ನಾಳೆ ಮೊದಲ ಬಸ್ಸಿಗೆ ಐನಾಪುರ. ಬೋರ್ಡ್ ಅವಳ ಕೈಗಿಟ್ಟು — ಸುಂದರಾ, ಅದು ನಾನ…