ಅಳಿಸದೆ ಬಿಟ್ಟ ಗೆರೆ

ಅಪ್ಪನಿಗೆ ಮಗಳ ನಮಸ್ಕಾರ.

ಕ್ಯಾನ್ಸರ್ ರೋಗಿಗಳ ನಡುವೆ ಸೊರಗಬೇಡ, ಈ ಓದು ಬಿಟ್ಟು ನಮ್ಮೂರ ಕ್ಲಿನಿಕ್ ಸೇರು ಎಂದು ಬರೆದಿದ್ದಿರಿ. ಉತ್ತರ ತಡವಾಯಿತು.

ವಿಕಿರಣ ಎಲ್ಲಿಗೆ ಬೀಳಬೇಕೆಂದು ನಾವು ಸ್ಕ್ಯಾನ್ ಮೇಲೆ ಗಡ್ಡೆಯ ಸುತ್ತ ಗೆರೆ ಎಳೆಯಬೇಕು. ತಪ್ಪಿದರೆ ಗಡ್ಡೆ ಉಳಿಯುತ್ತದೆ, ಇಲ್ಲವೇ ಒಳ್ಳೆಯ ಕರುಳು ಸುಡುತ್ತದೆ. ನಾನು ಎಳೆದದ್ದನ್ನೆಲ್ಲ ನಮಗೆ ಕಲಿಸುವ ಮೇಡಂ ಅಳಿಸುತ್ತಲೇ ಬಂದಿದ್ದರು. ಗುದನಾಳದ ಕ್ಯಾನ್ಸರ್ ಇದ್ದ ಬಸ್ ಡ್ರೈವರ್ ಒಬ್ಬರ ಸ್ಕ್ಯಾನ್‌ನಲ್ಲಿ, ಪಕ್ಕದ ಸಣ್ಣ ಗಂಟನ್ನೂ ಗೆರೆಯೊಳಗೆ ಸೇರಿಸಿದೆ.

“ಇದ್ಯಾಕೆ?” ಎಂದರು ಮೇಡಂ.

ಅಂಚು ಒರಟಾಗಿದೆ, ಕ್ಯಾನ್ಸರ್ ಇದಕ್ಕೂ ಹರಡಿರಬಹುದು ಎಂದೆ. ಮೇಡಂ ಚಿತ್ರವನ್ನು ದೊಡ್ಡದು ಮಾಡಿ ನೋಡಿ, “ಸರಿ, ಇದು ಇರ್ಲಿ” ಎಂದರು. ಚಿಕಿತ್ಸೆ ಆ ಗೆರೆಯಂತೆಯೇ ನಡೆಯಿತು.

ಇವತ್ತು ಹೊಸ ಸ್ಕ್ಯಾನ್ ಬಂತು. ಗಡ್ಡೆಯೂ ಇಲ್ಲ, ಗಂಟೂ ಇಲ್ಲ. ಸದ್ಯಕ್ಕೆ ಆಪರೇಷನ್ ಬೇಡ, ಮಲ ಹೋಗಲು ಹೊಟ್ಟೆಗೆ ಚೀಲವೂ ಬೇಡ ಎಂದು ನಾನು ಹೇಳಿದಾಗ ಡ್ರೈವರ್ ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಮತ್ತೆ ಬಸ್ ಓಡಿಸ್ಬಹುದಾ, ಡಾಕ್ಟ್ರೇ?”

“ಓಡಿಸಿ,” ಎಂದೆ. ಅವರ ಹೆಂಡತಿ ಹಿಡಿದ ನನ್ನ ಕೈಯನ್ನು ಬಿಡಲೇ ಇಲ್ಲ.

ಆಮೇಲೆ ಮೇಡಂ, “ಹೊಸ ಬ್ಯಾಚಿಗೆ ಈ ಪಾಠ ನೀನೇ ಮಾಡು” ಎಂದರು.

ಕ್ಲಿನಿಕ್‌ನವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಇನ್ನು ಗಂಟೆಗಟ್ಟಲೆ ನಿಂತು ಕಲಿಸಬೇಕು. ನನ್ನ ಮೆತ್ತನೆಯ ಚಪ್ಪಲಿ ಕಳಿಸಿಕೊಡಿ.

ಇಲ್ಲೇ ಉಳಿಯುವ,
ನಿಮ್ಮ ಹಠಮಾರಿ