ಅಕ್ಕಯ್ಯನ ಕಲ್ಲಿಗೆ ಅಡ್ಡ ಬಂದ ರೆವರೆಂಡ್

ಮಾನ್ಯರೇ,

ತಪ್ಪಾಯಿತು, ಕ್ಷಮಿಸಿ. ಬಿಷಪ್ ಆದವರನ್ನು ಬರೀ ‘ಮಾನ್ಯರೇ’ ಎಂದರೆ ಸಾಲದು, ‘ರೈಟ್ ರೆವರೆಂಡ್’ ಎನ್ನಬೇಕೆಂದು ನಿಮ್ಮ ಕಚೇರಿಯವರು ನನಗೆ ಪಾಠ ಹೇಳಿದ್ದಾರೆ. ಪಾದ್ರಿಗೆ ಬರೀ ರೆವರೆಂಡ್, ದೊಡ್ಡ ಚರ್ಚಿನ ಡೀನ್‌ಗೆ ವೆರಿ ರೆವರೆಂಡ್, ನಿಮಗೆ ರೈಟ್, ನಿಮ್ಮ ಮೇಲಿನ ಆರ್ಚ್‌ಬಿಷಪ್ಪರಿಗೆ ಮೋಸ್ಟ್. ಚಹಾದಂಗಡಿಯಲ್ಲಿ ಸಕ್ಕರೆ ಕಮ್ಮಿ, ಸಕ್ಕರೆ ಜಾಸ್ತಿ ಎಂದು ಕೂಗಿದ ಹಾಗಿದೆ. ಇರಲಿ. ನನ್ನ ದೂರು ಒಂದೇ. ನಿಮ್ಮ ಚರ್ಚಿನ ಪಾದ್ರಿಯಾಗಿಯೇ ಕಣ್ಣು ಮುಚ್ಚಿದ ನನ್ನ ಹೆಂಡತಿಯ ಸಮಾಧಿಗೆ ಕಲ್ಲು ನಿಲ್ಲಿಸಲು ನೀವು ಬಿಡುತ್ತಿಲ್ಲ. ಕಲ್ಲಿನ ಮೊದಲ ಸಾಲಿನಲ್ಲಿ ‘ಅಕ್ಕಯ್ಯ’ ಎಂದು ಕೆತ್ತಿಸಿದರೆ ಪದವಿಯ ಘನತೆಗೆ ಕುಂದಂತೆ. ‘ರೆವರೆಂಡ್’ ಎಂದೇ ಶುರುವಾಗಬೇಕಂತೆ.

ಆ ಹೆಸರು ಹೇಗೆ ಬಂತೆಂದು ಕೇಳುವ ಪುರುಸೊತ್ತು ನಿಮ್ಮಲ್ಲಿ ಯಾರಿಗೂ ಇರಲಿಲ್ಲ, ನಾನೇ ಹೇಳುತ್ತೇನೆ. ನಮ್ಮ ಚರ್ಚಿನಲ್ಲಿ ಪಾದ್ರಿಯೆಂದರೆ ಅಯ್ಯನವರು, ಪಾದ್ರಿಯ ಹೆಂಡತಿಯೆಂದರೆ ಅಮ್ಮನವರು. ಇವಳು ಪಾದ್ರಿಯಾಗಿ ಬಂದಾಗ ಜನ ಪೇಚಿಗೆ ಬಿದ್ದರು. ಮೊದಲ ಆರಾಧನೆ ಮುಗಿದು ಇವಳು ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದಾಗ, ಬೀದಿಯ ಇಸ್ತ್ರಿ ಅಂಗಡಿಯ ಅಜ್ಜಿ ಕೈ ಬಿಡದೆ ಹೇಳಿತು: “ಅಯ್ಯನೋರೇ ಅನ್ನೋಕೆ ನಾಲಿಗೆ ಹೊರಳಲ್ಲ ಕಣಮ್ಮ. ಅಮ್ಮನೋರೇ ಅಂದ್ರೆ ಬರೀ ಪಾದ್ರಿ ಹೆಂಡ್ತಿ ಆಗ್ಬಿಡ್ತೀಯ. ನೀನು ಅಕ್ಕಾನೂ ಹೌದು, ಅಯ್ಯಾನೂ ಹೌದು. ಅಕ್ಕಯ್ಯ ಅಂತೀನಿ.” ಆಮೇಲೆ ಹಿಂದೆ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಾಗಾದ್ರೆ ಇವನೇ ನಮ್ಮ ಅಮ್ಮನೋರು” ಎಂದಿತು. ಚರ್ಚಿಗೆ ಚರ್ಚೇ ನಕ್ಕಿತು. ನಲ್ಲಿ ರಿಪೇರಿ ಮಾಡುವ ನನಗೆ ಅಂದಿನಿಂದ ಅದೇ ಹೆಸರು.

ಇನ್ನು ಘನತೆಯ ಮಾತು. ಇವಳಿದ್ದಷ್ಟು ಕಾಲವೂ ನಿಮ್ಮ ಕಚೇರಿಯ ಲಕೋಟೆಗಳ ಮೇಲೆ ‘ರೆವರೆಂಡ್’ ಇರುತ್ತಿತ್ತು ನಿಜ, ಆದರೆ ಅವಳ ಹೆಸರಿಗಲ್ಲ, ನನ್ನ ಹೆಸರಿಗೆ. ಮನೆಯಲ್ಲೊಬ್ಬ ಪಾದ್ರಿ ಇದ್ದಮೇಲೆ ಅದು ಗಂಡಸೇ ಆಗಿರಬೇಕಲ್ಲವೇ? ಎಷ್ಟು ಬಾರಿ ತಿದ್ದಿ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ನೀವು ಕರೆದ ಪಾದ್ರಿಗಳ ಸಮ್ಮೇಳನದಲ್ಲಿ, ಹಲಗೆಯ ಮೇಲೆ ರೆವರೆಂಡ್ ಎಂದು ಬರೆದ ಮುಂದಿನ ಸಾಲಿನ ಕುರ್ಚಿ ನನಗೆ. ಪಾದ್ರಿಗಳ ಬಿಳಿ ಕೊರಳಪಟ್ಟಿ ಹಾಕಿಕೊಂಡೇ ಬಂದಿದ್ದ ಇವಳನ್ನು ಹೆಂಗಸರ ಕೋಣೆಗೆ ಕಳಿಸಿ ಕೈಗೆ ಚಹಾದ ತಟ್ಟೆ ಕೊಟ್ಟರು. ನಾನು ಎದ್ದು ಜಗಳಕ್ಕೆ ಹೊರಟೆ, ಇವಳೇ ತಡೆದಳು. ವಾಪಸು ಬರುವ ದಾರಿಯಲ್ಲಿ ಬಸ್ಸಿನ ಕಿಟಕಿ ಕಡೆ ತಿರುಗಿ, “ಬಿಡಿ, ಪ್ರಾಣ ಹೋಗುವಾಗ ಜನ ಕೂಗೋದು ನನ್ನನ್ನೇ” ಎಂದಳು. ನಕ್ಕಳು ಕೂಡ. ಆದರೆ ಅವಳಿಗೆ ನೋವಾಗಿತ್ತು.

ಅವಳನ್ನು ಮಣ್ಣು ಮಾಡಿದ ವಾರದಲ್ಲೇ ನಿಮ್ಮ ಸಂತಾಪ ಪತ್ರ ಬಂತು. ಅದೂ ರೆವರೆಂಡ್ ಆದ ನನಗೆ. ‘ತಮ್ಮ ದೈವಸೇವೆಗೆ ಬೆನ್ನೆಲುಬಾಗಿದ್ದ ಧರ್ಮಪತ್ನಿ’ ತೀರಿಕೊಂಡದ್ದಕ್ಕೆ ನಿಮಗೆ ಅಪಾರ ದುಃಖವಂತೆ. ಕೆಳಗೆ ನಿಮ್ಮದೇ ಸಹಿ. ನೀವೇ ಕೈಯಿಟ್ಟು ದೀಕ್ಷೆ ಕೊಟ್ಟ ತಲೆ ಯಾರದ್ದೆಂದು ನಿಮಗೆ ನೆನಪಿಲ್ಲ. ಬದುಕಿದ್ದಾಗ ಕೊಡದ ರೆವರೆಂಡನ್ನು ಈಗ ಕಲ್ಲಿನ ಮೇಲೆ ಕಡ್ಡಾಯ ಮಾಡಲು ನಾಚಿಕೆಯಾಗುವುದಿಲ್ಲವೇ? ಪೂಜ್ಯತೆಯೇನು ನಿಮ್ಮ ಗುಮಾಸ್ತರ ಮೇಜಿನ ರಬ್ಬರ್ ಸ್ಟ್ಯಾಂಪೇ?

ಕಲ್ಲುಕುಟಿಗನ ಅಂಗಳದಲ್ಲಿ ಕಲ್ಲು ಗೋಡೆಗೊರಗಿ ನಿಂತಿದೆ. ಅವಳ ಹೆಸರು ಕೆತ್ತಿ ಆಗಿದೆ, ಮೇಲಿನ ಸಾಲು ಖಾಲಿ. ಇಸ್ತ್ರಿ ಅಜ್ಜಿ ಪ್ರತಿ ಭಾನುವಾರ ಸ್ಮಶಾನಕ್ಕೆ ಬಂದು, ಗುರುತಿಲ್ಲದ ಮಣ್ಣಿನ ದಿಬ್ಬಗಳ ನಡುವೆ ನಿಂತು, “ನಮ್ಮಕ್ಕಯ್ಯ ಇದರಲ್ಲಿ ಯಾವುದಪ್ಪಾ?” ಎಂದು ನನ್ನನ್ನು ಕೇಳುತ್ತದೆ. ಅಜ್ಜಿಗೆ ಕಣ್ಣು ಮಂಜು. ಪ್ರತಿ ಸಲ ನಾನೇ ಕೈ ಹಿಡಿದು ತೋರಿಸುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಮೊದಲ ಸಾಲು ‘ಅಕ್ಕಯ್ಯ’ ಎಂದೇ ಇರುತ್ತದೆ, ಅದು ಜನ ಕೊಟ್ಟ ಪದವಿ. ಅದರ ಕೆಳಗೆ ‘ರೆವರೆಂಡ್’ ಕೂಡ ಇರಲಿ, ದುಡಿದು ಪಡೆದದ್ದು ಅವಳು. ಆದರೆ ಅದಕ್ಕೆ ಮೊದಲು ನನ್ನ ಹೆಸರಿಗೆ ನೀವು ಅಂಟಿಸಿದ ರೆವರೆಂಡನ್ನು ಕಿತ್ತು ಅವಳಿಗೆ ಕೊಡಿ, ಆ ಸಂತಾಪ ಪತ್ರವನ್ನು ತಿದ್ದಿ ಬರೆಯಿರಿ. ನನಗೆ ಬಿರುದಿನ ಕೊರತೆಯಿಲ್ಲ, ಬೇಕಾದ ಒಂದನ್ನು ಅಜ್ಜಿ ಆಗಲೇ ಕೊಟ್ಟಿದೆ.

ಇಂತಿ,
ಅಕ್ಕಯ್ಯನಿಲ್ಲದ ಮನೆಯ
ಅಮ್ಮನವರು