ಡಬಲ್ ಸ್ಪೀಡಿನಲ್ಲಿ ನಿನ್ನ ದನಿ

ಅಪ್ಪಾ,

ನಿನ್ನ ಹಾಡು ತಗೊಂಡೆ. ಕೇಳದೇ ತಗೊಂಡೆ. ಕೇಳೋಣವೆಂದರೆ ನೀನೆಲ್ಲಿದ್ದೀ? ನಾನೀಗ ಬಳ್ಳಾರಿಯಲ್ಲಿ ಡಿಗ್ರಿ ಫಸ್ಟ್ ಇಯರ್, ಮಾಧ್ಯಮ ವಿಭಾಗ. ಕ್ಯಾಮೆರಾ ಹಿಡಿಯುವುದನ್ನು ಪಾಠ ಮಾಡುತ್ತಾರೆ ಅಂದಿದ್ದರೆ "ಅದಕ್ಕೂ ಒಂದು ಕಾಲೇಜ್ ಐತೇನಲೇ?" ಎಂದು ನೀನು ನಗುತ್ತಿದ್ದೆ. ನನ್ನ ಕನ್ನಡ ಹಾಸ್ಟೆಲಿನದು, ಅರ್ಧ ಇಂಗ್ಲಿಷು. ಬರೆಯುವಾಗ ಒಂದೊಂದು ಸಾಲಿಗೂ ಉಗುರು ಕಚ್ಚುತ್ತೇನೆ. ಎಲ್ಲಾದರೂ ತಪ್ಪಿದ್ದರೆ ಸಹಿಸಿಕೋ. ನಿನ್ನಿಂದ ನಾವು ಸಹಿಸಿಕೊಂಡದ್ದರ ಮುಂದೆ ಅದು ಏನೂ ಅಲ್ಲ.

ಅವ್ವ ನನ್ನನ್ನು ಸೇರಿಸಿದ್ದ ಕುರುಗೋಡಿನ ಶಾಲೆಯ ಹಾಸ್ಟೆಲಿಗೆ ನೀನು ಬಂದ ಭಾನುವಾರ ನೆನಪಿದೆಯೇ? ಕಪ್ಪು ಕನ್ನಡಕ, ಹೂವಿನ ಅಂಗಿ, ಬುಲೆಟ್ ಗಾಡಿ. ನನ್ನನ್ನು ನೋಡಲು ಬಂದವನು ಹುಡುಗಿಯರ ಜೊತೆ ಫೋಟೋ ತೆಗೆಸಿಕೊಳ್ಳುವುದರಲ್ಲೇ ಹೊತ್ತು ಕಳೆದೆ. ವಾರ್ಡನ್ ಮೇಡಂ ಕೂಡ ಸೆರಗು ಸರಿ ಮಾಡಿಕೊಂಡು ಪಕ್ಕದಲ್ಲಿ ನಿಂತರು. ಸಿರುಗುಪ್ಪದ ಆಲ್ಬಂ ಸಾಂಗ್ ಹೀರೋ ಅಲ್ಲವೇ ನೀನು! ಅವ್ವ ಬಿಟ್ಟುಹೋದ ವರ್ಷ ನೀನು ಹಾಡಿದ ಹಾಡು ಅಷ್ಟು ಹೊತ್ತಿಗೆ ಪ್ರತಿ ಟ್ರ್ಯಾಕ್ಟರಿನಲ್ಲೂ ಇತ್ತು. "ಕರಿ ಕಾರ ಹತ್ತಿ ಹ್ವಾದಿ, ನನ್ನ ಮಣ್ಣಾಗ ಇಟ್ಟು ಹ್ವಾದಿ." ಸ್ನಾನದ ಸಾಲಿನಲ್ಲಿ ನಾನು ಬಕೆಟ್ ಹಿಡಿದು ನಿಂತರೆ ಹಿಂದಿನಿಂದ ಯಾರೋ ಅದನ್ನು ಗುನುಗುತ್ತಿದ್ದರು. "ಏನಬೇ, ನಿಮ್ಮವ್ವ ಕಾರು ಎಲ್ಲಿ ನಿಲ್ಲಸ್ಯಾಳ?" ಎಂದು ಕೇಳುತ್ತಿದ್ದರು. ನಾನು ಏನು ಹೇಳಬೇಕಿತ್ತು? ಅವ್ವ ಹೋದದ್ದು ಬಳ್ಳಾರಿಯ ಸರಕಾರಿ ಬಸ್ಸಿನಲ್ಲಿ, ಕಿಟಕಿಯ ಪಕ್ಕ ನಾನೂ ಕೂತಿದ್ದೆ, ಎರಡನೇ ಕ್ಲಾಸಿನ ಪಾಟೀಚೀಲ ತೊಡೆಯ ಮೇಲಿಟ್ಟುಕೊಂಡು... ಎಂದೇ? ಬಸ್ಸು ರಾಗಕ್ಕೆ ಕೂಡಲಿಲ್ಲ, ಅಲ್ಲವೇ?

ನಿನ್ನನ್ನು ಮಣ್ಣು ಮಾಡಿದ ದಿನವೂ ಅದೇ ಹಾಡು. ಕಾಮಾಲೆಯಲ್ಲಿ ಹಳದಿಯಾಗಿದ್ದ ನಿನ್ನನ್ನು ಹೂವಿನ ಟ್ರ್ಯಾಕ್ಟರಿನಲ್ಲಿ ಕೂರಿಸಿ, ಮುಂದೆ ಸೌಂಡ್ ಬಾಕ್ಸ್ ಕಟ್ಟಿ, ನಿನ್ನ ದನಿಯಿಂದಲೇ ನಿನ್ನನ್ನು ಕಳಿಸಿದರು. ಹಾಡಿನ ಮೂರನೇ ಚರಣದಲ್ಲಿ ನೀನು ಬಾಟ್ಲಿ ಹಿಡಿದು ಕಾಲುವೆ ದಂಡೆಯ ಮೇಲೆ ಒರಗುತ್ತೀಯಲ್ಲ, ಮೊದಲಿನ ಹಾಡುಗಳಲ್ಲಿ ಅಂಥ ಬಾಟ್ಲಿಯೊಳಗೆ ಇರುತ್ತಿದ್ದದ್ದು ಅವ್ವ ಕುದಿಸಿದ ಚಹಾದ ಡಿಕಾಕ್ಷನ್. ಆಮೇಲೆ ಡಿಕಾಕ್ಷನ್ ಮಾಡಿಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅರ್ಧ ದಿನ ರಜೆ ಹಾಕಿ ಬಂದ ಅವ್ವ ಬೇವಿನ ಮರದ ಕೆಳಗೆ ನಿಂತಿದ್ದಳು. "ಕರಿ ಕಾರ ಹತ್ತಿ" ಬಂದ ಕೂಡಲೇ ಇಡೀ ಓಣಿ ತಿರುಗಿ ಅವಳನ್ನು ನೋಡಿತು. ಅವಳು ಅಳಲಿಲ್ಲ. ಅದನ್ನೂ ನೋಡಿದರು.

ಕಾಲೇಜಿನಲ್ಲಿ ನಮ್ಮ ಮೇಡಂ ಅಸೈನ್‌ಮೆಂಟ್ ಕೊಟ್ಟರು. ಒಂದು ಮ್ಯೂಸಿಕ್ ವಿಡಿಯೋ ಮಾಡಿ, ಅದು ತನ್ನ ಬಗೆಯ ವಿಡಿಯೋಗಳ ರೂಢಿಯನ್ನು ಎಲ್ಲಿ ಪಾಲಿಸುತ್ತದೆ, ಎಲ್ಲಿ ಮುರಿಯುತ್ತದೆ ತೋರಿಸಿ ಎಂದರು. ಉಳಿದವರು ಫೋನಿನಲ್ಲಿ ಹುಡುಕತೊಡಗಿದರು. ನಾನು ಹುಡುಕಬೇಕೇ? ಮೊದಲ ಚರಣದಲ್ಲಿ ಭತ್ತದ ಗದ್ದೆಯ ಮೇಲೆ ಡ್ರೋನ್, ಟ್ರ್ಯಾಕ್ಟರ್ ಮೇಲೆ ಹುಡುಗ, ಜಡೆ ತಿರುಗಿಸುವ ಹುಡುಗಿ. ಎರಡನೆಯದರಲ್ಲಿ ಕಾರಿನ ಬಾಗಿಲು, ಸ್ಲೋ ಮೋಷನ್‌ನಲ್ಲಿ ಹುಡುಗಿಯ ಬೆನ್ನು. ಮೂರನೆಯದರಲ್ಲಿ ಹುಡುಗ, ಬಾಟ್ಲಿ, ಕಾಲುವೆ. ಬೆನ್ನು ತಿರುಗಿಸಿದ ಮೇಲೆ ಆ ಹುಡುಗಿ ಮತ್ತೆ ಕಾಣುವುದೇ ಇಲ್ಲ. ಎಲ್ಲಿ ಹೋದಳು, ಉಂಡಳೋ ಇಲ್ಲವೋ, ಕ್ಯಾಮೆರಾಕ್ಕೆ ಬೇಕಿಲ್ಲ. ಹಾಗಾದರೆ ನನ್ನ ಕ್ಯಾಮೆರಾ ಅವಳ ಹಿಂದೆ ಬಸ್ಸು ಹತ್ತಲಿ ಅಂದುಕೊಂಡೆ. ಗದ್ದೆ ಇರಲಿ, ಟ್ರ್ಯಾಕ್ಟರ್ ಇರಲಿ, ನಿನ್ನ ಹಾಡೇ ಇರಲಿ. ಆದರೆ ಎರಡನೇ ಚರಣದಿಂದ ಅವಳನ್ನು ಬಿಡಬಾರದು. ಕೊನೆಗೆ ಬಳ್ಳಾರಿಯ ಜೀನ್ಸ್ ಯುನಿಟ್‌ನಲ್ಲಿ ಪ್ಯಾಂಟಿಗೆ ಜೇಬು ಹೊಲಿಯುತ್ತಾ ನಿನ್ನ ಹಾಡಿಗೆ ಅವಳೇ ತುಟಿ ಆಡಿಸಬೇಕು. ನೀನು ಹಾಕಿದ ಆರೋಪ, ಅವಳ ಬಾಯಲ್ಲಿ. ಆ ಯುನಿಟ್ ನಿಜ, ಆ ಜೇಬುಗಳೂ ನಿಜ. ಅವ್ವ ಅಲ್ಲಿಯೇ ಹೊಲಿಯುವುದು.

ಹಚ್ಚೊಳ್ಳಿಯ ಕಡೆಯ ಕಾಲುವೆ ದಂಡೆಯಲ್ಲಿ ಅವ್ವ ಬಿಟ್ಟುಹೋಗುವ ಮೊದಲು ನೀನು ಬೇರೆ ಹಾಡಿನ ಶೂಟಿಂಗ್ ಮಾಡಿದ ಒಂದು ಮಧ್ಯಾಹ್ನ ನಾನು ಹುಣಸೆಕಾಯಿ ತಿನ್ನುತ್ತಾ ಕೂತಿದ್ದೆ. ನಿನ್ನ ಆರಂಭದ ಹಾಡುಗಳಿಗೆಲ್ಲ ಅವ್ವನೇ ಹೀರೋಯಿನ್, ಬೇರೆಯವರು ಯಾರೂ ಬರುತ್ತಿರಲಿಲ್ಲ. ಅಳುವ ಶಾಟ್. ಗ್ಲಿಸರಿನ್ ತೀರಿತ್ತು. ನೀನು ಅಳು ಅಂದೆ, ಅವಳಿಗೆ ಅಳು ಬರಲಿಲ್ಲ. ನೀನು ಹೋಗಿ ಅವಳ ಕಪಾಳಕ್ಕೆ ಬಾರಿಸಿ, ಓಡಿ ಬಂದು ಫ್ರೇಮಿನ ಆಚೆ ನಿಂತು, "ಹುಸೇನಿ, ತಗೋಲೇ, ಬಂತು, ತಗೋ!" ಎಂದು ಕೂಗಿದೆ. ಹುಸೇನಿ ಕಾಕಾ ತಗೊಂಡ. ನಿನ್ನ ಕ್ಯಾಮೆರಾಮನ್, ನೀನು ಹೇಳಿದ್ದನ್ನು ಯಾವಾಗ ತಗೊಂಡಿಲ್ಲ? ಹಾಡು ಹೊರಬಂದ ಮೇಲೆ ಆ ಶಾಟನ್ನು ಜನ ಎಷ್ಟು ಹೊಗಳಿದರೆಂದರೆ, ಕ್ಯಾಮೆರಾ ಇಲ್ಲದಾಗಲೂ ನೀನು ಮನೆಯಲ್ಲಿ ಅದೇ ರೀತಿ...

ಅದಕ್ಕೇ ನಾನು ವಿಡಿಯೋ ವಿಷಯ ಎತ್ತಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಂದೇ ಮಾತು ಕೇಳಿದಳು.

"ಅಳಬೇಕೇನು?"

"ಇಲ್ಲವ್ವ."

"ನೋಡು, ಕ್ಯಾಮೆರಾ ಮುಂದ ನಾ ಅಳೂದಿಲ್ಲ. ಅಳೂದು ಬಿಟ್ಟು ಏನ್ ಅಂದ್ರೂ ಮಾಡ್ತೀನಿ. ಕುಣಿ ಅಂದ್ರ ಕುಣೀತೀನಿ."

"ಆಣಿ ಮಾಡ್ತೀನವ್ವ, ಅಳಸೂದಿಲ್ಲ."

ಹುಸೇನಿ ಕಾಕಾ ಸಿರುಗುಪ್ಪದಿಂದ ಬಸ್ಸಿನಲ್ಲಿ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಬಂದ ದಿನ ಯುನಿಟ್‌ಗೆ ವಾರದ ರಜೆ. ಆದರೂ ಅವ್ವನ ಜೊತೆಯವರು ಶೂಟಿಂಗ್ ನೋಡಲು ಬಂದು ಮಷಿನ್‌ಗಳ ಮೇಲೆ ಹತ್ತಿ ಕೂತಿದ್ದರು. ಕಾಕಾ ಅವ್ವನ ಮುಖ ನೋಡದೆಯೇ ಸ್ಟ್ಯಾಂಡ್ ಬಿಚ್ಚಿದ. "ಬೇಟಿ, ಸ್ಲೋ ಮೋಷನ್ ಬೇಕಂದ್ರ ಹಾಡು ಡಬಲ್ ಸ್ಪೀಡಿನಾಗ ಹಾಕಬೇಕು. ಅವರು ಅದಕ್ಕ ಲಗು ಲಗು ತುಟಿ ಆಡಸ್ಬೇಕು. ಆಮ್ಯಾಲ ನಾವು ಶಾಟಿನ ಸ್ಪೀಡ್ ಅರ್ಧಕ್ಕ ಇಳಿಸಿದ್ರ ತುಟಿ ಹಾಡಿಗೆ ಸರಿಯಾಗಿ ಕುಂದರ್ತಾವ. ಆ ಕಾರಿನ ಹಾಡಿನಿಂದ ಮುಂದ ನಿಮ್ಮಪ್ಪಂದು ಎಲ್ಲಾ ಹಂಗ ತಗದೀವಿ." ನಿನ್ನ ಆ ತೂಗಾಡುವ ನಡಿಗೆ, ಗಾಳಿಯಲ್ಲಿ ತೇಲುವ ಕೂದಲು, ಎಲ್ಲ ಹೀಗೇ ತಯಾರಾದದ್ದೇ? ಗದ್ದೆಯಲ್ಲಿ ನೀನು ನಿಜವಾಗಿ ಗಡಬಡಿಸಿ ಬಾಯಿ ಆಡಿಸುತ್ತಿದ್ದೆಯೇ? ಅದನ್ನು ನೋಡುವ ಭಾಗ್ಯ ನನಗೆ ಸಿಗಲಿಲ್ಲ.

ಕಾಕಾ ಸೌಂಡ್ ಬಾಕ್ಸ್ ಒತ್ತಿದ. ಅಪ್ಪಾ, ನೀನು ಕೀಚ್ ಕೀಚ್ ಎಂದೆ.

ಅಷ್ಟೇ. ಊರನ್ನೆಲ್ಲ ಅಳಿಸಿದ ನಿನ್ನ ದನಿ, ನನ್ನನ್ನು ಸ್ನಾನದ ಸಾಲಿನಲ್ಲಿ ಕಲ್ಲಾಗಿಸಿದ ದನಿ, ಡಬಲ್ ಸ್ಪೀಡಿನಲ್ಲಿ ಬುಟ್ಟಿಯ ಕೆಳಗೆ ಸಿಕ್ಕ ಕೋಳಿ ಮರಿ. "ಕರಿಕಾರತ್ತಿಹ್ವಾದಿ ಕರಿಕಾರತ್ತಿಹ್ವಾದಿ." ಅವ್ವ ತುಟಿ ಆಡಿಸಲು ಹೊರಟವಳು ನಿಂತಳು. ಪಕ್ಕದ ಮಷಿನ್‌ನ ಈರಮ್ಮ ಬಾಯಿಗೆ ಕೈ ಒಯ್ದು, "ಏಮ್ಮಾ, ಇವನೇನಾ ನಿನ್ನ ಹೊಡಿತಿದ್ದಾಂವ? ಇವನ್ನ ಹಿಡದು ಸಾರು ಮಾಡೂದಲ್ಲೇನು?" ಎಂದಳು. ಅವ್ವ ನಕ್ಕಳು. ಜೀನ್ಸ್ ಬಟ್ಟೆಯ ರಾಶಿಯ ಮೇಲೆ ಬಿದ್ದು, ಸೆರಗನ್ನು ಬಾಯಿಗೆ ತುರುಕಿಕೊಂಡು, ಹೊಟ್ಟೆ ಹಿಡಿದು ನಕ್ಕಳು. ಅವಳ ದವಡೆಯ ಹಲ್ಲೊಂದು ಇಲ್ಲವೆಂಬುದು ನನಗೆ ಅಂದು ಗೊತ್ತಾಯಿತು. ಯಾವಾಗ ಬಿತ್ತು, ನಿನಗೆ ಗೊತ್ತಿರಬೇಕು. ಕಾಕಾ ಕ್ಯಾಮೆರಾ ನಿಲ್ಲಿಸಲಿಲ್ಲ.

ಎಡಿಟಿಂಗ್‌ಗೆ ಕೂತಾಗ ನಾನು ಕಾಕಾ ಹೇಳಿಕೊಟ್ಟಂತೆಯೇ ಮಾಡಿದೆ. ಆ ಶಾಟನ್ನು ಅರ್ಧಕ್ಕೆ ಇಳಿಸಿದೆ, ಕೆಳಗೆ ನಿನ್ನ ಹಾಡನ್ನು ಅದರ ಸ್ವಂತ ವೇಗದಲ್ಲಿ ಇಟ್ಟೆ. ಒಳ್ಳೆಯ ಶಾಟ್ ಅಂದುಕೊಂಡೆ. ಮೇಡಂ ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಕ್ಸಲೆಂಟ್. ಆ ಪಶ್ಚಾತ್ತಾಪದ ಶಾಟ್ ಇದೆಯಲ್ಲ, ಏನು ಅಳುತ್ತಾರೆ ಆ ಹೆಂಗಸು! ಯಾರು ಅವರು?" ಎಂದರು. ಫಸ್ಟ್ ಇಯರ್‌ನವಳು ಮೇಡಂಗೆ ಅದು ಅಳುವಲ್ಲ ಎಂದು ಹೇಗೆ ಹೇಳುತ್ತಾಳೆ? ಕಂಪ್ಯೂಟರ್ ಮುಂದೆ ಹೋಗಿ ಮತ್ತೆ ನೋಡಿದೆ. ನಿಧಾನ ಮಾಡಿದ ನಗು, ಮೇಲೆ ನಿನ್ನ ಗೋಳು. ತೆರೆದ ಬಾಯಿ, ಮುಚ್ಚಿದ ಕಣ್ಣು, ಸೆರಗು, ಕುಲುಕುವ ಭುಜ. ಎದೆ ಒಡೆದು ಅಳುವ ಹೆಂಗಸು. ನೀನು ಸತ್ತಿದ್ದೀ, ಆದರೂ ಗೆದ್ದಿದ್ದೀ.

ಅವ್ವನಿಗೆ ಫೋನಿನಲ್ಲಿ ತೋರಿಸಿದ ಸಂಜೆ ನಾನು ಅವಳ ಮುಖ ನೋಡಲು ಆಗದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಮುಗಿದ ಮೇಲೂ ಅವಳು ಫೋನ್ ವಾಪಸ್ ಕೊಡಲಿಲ್ಲ.

"ನಾ ಅತ್ತೀನೇನು?"

"ಇಲ್ಲವ್ವ, ಅದು ಸ್ಲೋ ಮೋಷನ್ ಮಾಡಿದ್ದಕ್ಕ..."

"ನಿಮ್ಮಪ್ಪ ಹೊಡದು ಅಳಸ್ತಿದ್ದ. ನೀ ಮೈ ಮುಟ್ಟದನ ಅಳಸಿದಿ." ಫೋನನ್ನು ನನ್ನ ಮಡಿಲಿಗೆ ಹಾಕಿದಳು. "ಕಲ್ತಾಕಿ ನೋಡು."

ಅಪ್ಪಾ, ನೀನು ನನಗೆ ಹೊಡೆದದ್ದಿಲ್ಲ. ಹೊಡೆದಿದ್ದರೆ ಹೇಗಿರುತ್ತಿತ್ತೆಂದು ಆಗ ಗೊತ್ತಾಯಿತು. ನಿನ್ನ ಮೂಗು, ನಿನ್ನ ಗಿಡ್ಡ ಬೆರಳು ನನಗೆ ಬಂದಿವೆ ಎಂದು ಎಲ್ಲರೂ ಹೇಳುತ್ತಾರೆ. ಇದೂ ಬಂದಿದೆಯೇ?

ಮರುದಿನ ಲ್ಯಾಬಿನಲ್ಲಿ ಆ ಶಾಟನ್ನು ಅದರ ನಿಜವಾದ ವೇಗಕ್ಕೆ ತಂದೆ. ಆಗ ನಿನ್ನ ಹಾಡು ಕೂಡಲಿಲ್ಲ. ಒಂದೋ ಅವಳು ನಿಧಾನವಾಗಬೇಕು, ಇಲ್ಲ ನೀನು ಕೀಚ್ ಅನ್ನಬೇಕು. ಇಬ್ಬರಲ್ಲಿ ಒಬ್ಬರು. ನಾನು ಬಹಳ ಯೋಚಿಸಲಿಲ್ಲ, ನಿಜ ಹೇಳುತ್ತೇನೆ. ಮೊದಲ ಎರಡು ಚರಣ ನೀನು ನಿನ್ನ ಗಂಭೀರ ದನಿಯಲ್ಲಿ ಹಾಡುತ್ತೀ. ಗದ್ದೆ, ಟ್ರ್ಯಾಕ್ಟರ್, ಬಸ್ಸಿನ ಕಿಟಕಿ. ಜನ ಇದು ಮಾಮೂಲಿ ಹಾಡು ಎಂದುಕೊಳ್ಳಲಿ. ಮೂರನೆಯದರಲ್ಲಿ ಕಾಲುವೆ ಇಲ್ಲ, ಬಾಟ್ಲಿ ಇಲ್ಲ. ಜೀನ್ಸ್ ಯುನಿಟ್, ಸೌಂಡ್ ಬಾಕ್ಸ್, ಕೋಳಿ ಮರಿಯಾದ ನೀನು, ಮತ್ತು ನಗುವ ಅವ್ವ. ಈರಮ್ಮನ ಮಾತನ್ನೂ ತೆಗೆಯಲಿಲ್ಲ.

ಕಾಲೇಜಿನ ಹಾಲ್‌ನಲ್ಲಿ ಅದನ್ನು ಹಾಕಿದಾಗ ಅವ್ವ ಕೊನೆಯ ಸಾಲಿನಲ್ಲಿ ಹುಸೇನಿ ಕಾಕಾನ ಪಕ್ಕ ಕೂತಿದ್ದಳು. ನಾನು ಪರದೆಯ ಬದಿಗೆ ನಿಂತು ಉಗುರು ಕಚ್ಚಿ ಮುಗಿಸಿದ್ದೆ. ನಿನ್ನ ಕೀಚ್ ಬಂದ ಕೂಡಲೇ ಹುಡುಗಿಯರು ಗೊಳ್ಳೆಂದು ನಕ್ಕರು, ಆಮೇಲೆ ಇಡೀ ಹಾಲ್. ಸಿರುಗುಪ್ಪದ ಹುಡುಗನೊಬ್ಬ ಎದ್ದು ನಿಂತ. ಅವನ ಫೋನಿನ ಹಿಂದೆ ನಿನ್ನ ಸ್ಟಿಕ್ಕರ್ ಇದೆ.

"ಮೇಡಂ, ಸತ್ತೋರಿಗೆ ಇದು ಅವಮಾನರೀ! ಅಣ್ಣಗ ಮೋಸ ಮಾಡಿ ಕಾರು ಹತ್ತಿ ಹೋದಾಕಿನ್ನ ಹೀರೋಯಿನ್ ಮಾಡ್ಯಾರ!"

ಹಿಂದಿನಿಂದ ಅವ್ವನ ದನಿ ಬಂತು. "ತಮ್ಮಾ, ನಾನ ಆ ಕಾರಿನಾಕಿ. ಕುಂದ್ರು. ಕಾರು ಎಲ್ಲೈತಿ ಅಂತ ನಾನೂ ಅವಾಗಿಂದ ಹುಡುಕಾಕ ಹತ್ತೀನಿ. ನಿನಗ ಸಿಕ್ರ ಹೇಳಪ್ಪ, ದಿನಾ ಬಸ್ಸಿನಾಗ ನಿಂತು ನಿಂತು ಕಾಲು ಬಿದ್ದಾವ."

ಅವನು ಕೂತ. ಹುಸೇನಿ ಕಾಕಾ ಟೋಪಿ ತೆಗೆದು ಮಡಚಿ ಮತ್ತೆ ಹಾಕಿಕೊಂಡ. ಹೊರಗೆ ಬಂದ ಮೇಲೆ ಅವ್ವನಿಗೆ ಏನೋ ಹೇಳಲು ಹೋದ. "ಅಕ್ಕಾ, ಅವತ್ತು ಕಾಲುವಿ ಹತ್ರ ನಾನು..." ಅವ್ವ ಕೈ ಎತ್ತಿ ತಡೆದಳು. "ಬಿಡು ಹುಸೇನಣ್ಣ. ಬಸ್ ಹೋಗತೈತಿ ನಿಂದು." ಕ್ಷಮಿಸಿದಳೆಂದು ತಿಳಿಯಬೇಡ. ಅವನ ಮಾತು ಕೇಳುವಷ್ಟು ಪುರುಸೊತ್ತು ಅವಳಿಗೆ ಇರಲಿಲ್ಲ, ಅಷ್ಟೇ. ಮೇಡಂ ಮಾತ್ರ ಮೊದಲಿನ ಕಟ್‌ನಲ್ಲೇ ಎಮೋಷನ್ ಇತ್ತು ಎಂದರು. ಮಾರ್ಕ್ಸ್ ಕಡಿಮೆ ಬಂದಿವೆ. ಅದಕ್ಕೂ ಎರಡು ದಿನ ಊಟ ಸೇರಲಿಲ್ಲ ನನಗೆ, ನಾನು ಹಾಗೆಯೇ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ, ಅದಕ್ಕೇ ಬರೆಯಲು ಕೂತದ್ದು. ಮೊನ್ನೆ ಅವ್ವ ಫೋನ್ ಕೈಗೆ ಕೊಟ್ಟು, "ಆ ಕೋಳಿ ಮರಿದು ಇದಕ್ಕ ಹಾಕಿ ಕೊಡು" ಎಂದಳು. ಹಾಕಿಕೊಟ್ಟೆ. ಈಗ ಅವಳ ರಿಂಗ್‌ಟೋನ್ ನೀನೇ. ಯಾರಾದರೂ ಫೋನ್ ಮಾಡಿದರೆ ಯುನಿಟ್‌ನ ಮಷಿನ್‌ಗಳ ನಡುವೆ ನೀನು ಕೀಚಲು ಶುರು ಮಾಡುತ್ತೀ, ಕರಿ ಕಾರು, ಮಣ್ಣು, ಮೋಸ, ಎಲ್ಲ ಒಂದೇ ಉಸಿರಿನಲ್ಲಿ. ಸಂಜೆ ಹಾಸ್ಟೆಲಿನಿಂದ ನಾನೇ ಫೋನ್ ಮಾಡುತ್ತೇನೆ. ಅವ್ವ ಗಡಬಡಿಸುವುದಿಲ್ಲ. ಹೊಲಿಯುತ್ತಿದ್ದ ಜೇಬು ಮುಗಿಸುತ್ತಾಳೆ, ದಾರ ಕತ್ತರಿಸುತ್ತಾಳೆ, ಅಲ್ಲಿಯ ತನಕ ನೀನು ಅಳುತ್ತಿರು ಎಂದು ಬಿಟ್ಟು, ಆಮೇಲೆ ಎತ್ತುತ್ತಾಳೆ.

ನಿನ್ನ ಮಗಳು